ವೂಂಡ್ ಸರ್ಟಿಫಿಕೇಟ್‌ನಲ್ಲಿ ಇಲ್ಲದ ಗಾಯಕ್ಕೆ ಪರಿಹಾರ ಕೇಳಿದ್ದು

ಅಪಘಾತ ಪರಿಹಾರದ ಕೇಸಿನಲ್ಲಿ ವಕೀಲರು ಮೊದಲು ಕೇಳುವ ಕಾಗದಗಳಲ್ಲಿ ವೂಂಡ್ ಸರ್ಟಿಫಿಕೇಟ್, ಅಂದರೆ ಆಸ್ಪತ್ರೆ ಬರೆದುಕೊಡುವ ಗಾಯದ ವಿವರದ ಪತ್ರ, ಒಂದು. ನನ್ನದರಲ್ಲಿ ಎರಡೇ ಸಾಲು ಇತ್ತು: ಹಣೆಗೆ ಸೀಳುಗಾಯ, ಎಡ ಭುಜಕ್ಕೆ ಪೆಟ್ಟು. ಕೆಳಗೆ ‘ಸಾಧಾರಣ ಸ್ವರೂಪದ ಗಾಯ’ ಎಂಬ ಷರಾ. 2022ರ ನವೆಂಬರಿನಲ್ಲಿ ಶಿರಾ ಕಡೆಯಿಂದ ತುಮಕೂರಿಗೆ ಬರುವಾಗ ಡಿವೈಡರಿನ ತೆರಪಿನಿಂದ ಲಾರಿಯೊಂದು ಅಡ್ಡ ಬಂತು. ಕಾರು ಓಡಿಸುತ್ತಿದ್ದವನು ನಾನು. ಪಕ್ಕದಲ್ಲಿದ್ದ ಸಹೋದ್ಯೋಗಿಯ ತೊಡೆಮೂಳೆ ಮುರಿಯಿತು. ಪೊಲೀಸರು ಲಾರಿ ಚಾಲಕನ ಮೇಲೆ ಅಜಾಗರೂಕ ಚಾಲನೆ ಮತ್ತು ಅದರಿಂದಾದ ಗಾಯಗಳಿಗಾಗಿ ಐಪಿಸಿ 279, 337, 338ರಡಿ ದೋಷಾರೋಪ ಪಟ್ಟಿ ಹಾಕಿದರು. ಸಹೋದ್ಯೋಗಿಯ ಎಕ್ಸ್‌ರೇ ನೋಡಿ ಲಾರಿಯ ವಿಮಾ ಕಂಪನಿ ಲೋಕ ಅದಾಲತ್‌ನಲ್ಲೇ ರಾಜಿಗೆ ಬಂತು. ನನ್ನ ಹತ್ತಿರ ತೋರಿಸಲು ಎಕ್ಸ್‌ರೇ ಇರಲಿಲ್ಲ.

ಹಣೆಯ ಹೊಲಿಗೆ ಬಿಚ್ಚಿದ ಮೇಲೆ ಶುರುವಾದದ್ದು ಬೇರೆ. ರಾತ್ರಿ ರಸ್ತೆಯಲ್ಲಿ ಲಾರಿ ಬ್ರೇಕ್ ಹಾಕಿದರೆ ಹಾಸಿಗೆಯಿಂದ ಎದ್ದು ಕೂರುತ್ತಿದ್ದೆ. ಕಾರಿನ ಬಾಗಿಲು ತೆಗೆದರೆ ಅಂಗೈ ಬೆವರುತ್ತಿತ್ತು. ಬಿತ್ತನೆಬೀಜದ ಕಂಪನಿಯಲ್ಲಿ ಏರಿಯಾ ಸೇಲ್ಸ್ ಕೆಲಸ ನನ್ನದು. ಪಾವಗಡ, ಮಧುಗಿರಿ, ಹಿರಿಯೂರು ಅಂತ ದಿನಾ ಡೀಲರ್‌ಗಳ ಬಳಿ ಕಾರಲ್ಲೇ ಹೋಗಬೇಕು. ಒಂದಲ್ಲ ಒಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಮನೆಯವಳೇ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಇಂಥ ಲಕ್ಷಣಗಳು ಒಂದು ತಿಂಗಳು ದಾಟಿಯೂ ಉಳಿದರೆ ಅದಕ್ಕೆ ಆಘಾತದ ನಂತರದ ಒತ್ತಡದ ಕಾಯಿಲೆ ಅಥವಾ ಪಿಟಿಎಸ್‌ಡಿ ಅನ್ನುತ್ತಾರೆ ಎಂದು ವೈದ್ಯರು ವಿವರಿಸಿ, ಓಪಿ ಚೀಟಿಯಲ್ಲಿ ‘ಎಫ್ 43.1’ ಎಂದು ಬರೆದರು. ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ (ಐಸಿಡಿ-10) ಅದರ ಸಂಕೇತ ಅದು. ಮುಂದೆ ನನ್ನ ಕೇಸು ನಿಂತದ್ದು ಆ ಚೀಟಿಯ ಮೇಲೆಯೇ. ಅದರಲ್ಲಿದ್ದ ತಾರೀಕು ಅಪಘಾತಕ್ಕೆ ಹತ್ತಿರವಿತ್ತು, ಮತ್ತು ಅದನ್ನು ಬರೆದದ್ದು ಕೋರ್ಟಿಗಾಗಿ ಅಲ್ಲ, ಚಿಕಿತ್ಸೆಗಾಗಿ.

ಕಾಯಿಲೆ ಪೂರ್ತಿ ಗೊತ್ತಾದ ಮೇಲೆ ಅರ್ಜಿ ಹಾಕೋಣ ಅನ್ನುವಂತಿರಲಿಲ್ಲ. 2022ರ ಏಪ್ರಿಲ್ 1ರಿಂದ ಪರಿಹಾರದ ಅರ್ಜಿ ಹಾಕುವ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿಗೆ ಅಪಘಾತದ ದಿನದಿಂದ ಆರು ತಿಂಗಳ ಗಡುವು ಬಂದಿತ್ತು. ವಕೀಲರು “ಅರ್ಜಿ ಈಗ ಹಾಕೋಣ, ವೈದ್ಯರ ಸಾಕ್ಷ್ಯ ಆಮೇಲೆ ತರೋಣ. ಮಾನಸಿಕ ಆಘಾತ ಅಂತ ಅರ್ಜಿಯಲ್ಲೇ ಬರೆದಿರಬೇಕು ಅಷ್ಟೆ, ಇಲ್ಲದಿದ್ರೆ ಆಮೇಲೆ ಹುಟ್ಟಿಸಿದ ಕತೆ ಅಂತಾರೆ” ಎಂದರು. ವಾಸ ತುಮಕೂರಾದ್ದರಿಂದ ಅಪಘಾತ ಪರಿಹಾರದ ಕೇಸು ನಡೆಸುವ ಇಲ್ಲಿನ ಕ್ಲೇಮ್ಸ್ ಟ್ರಿಬ್ಯೂನಲ್‌ನಲ್ಲೇ ಹಾಕಿದೆವು. (ಫೀಸು ಮೊದಲೇ ಇಷ್ಟು ಅಂತ ಮಾತಾಡಿಕೊಂಡೆ. ಬಂದ ಪರಿಹಾರದಲ್ಲಿ ಪರ್ಸೆಂಟೇಜ್ ಕೇಳುವುದು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ಕೇಳುವವರು ಬೇಕಾದಷ್ಟು ಜನ ಸಿಕ್ಕರು.)

ಕೋರ್ಟು ‘ಭಯ’ಕ್ಕೆ ದುಡ್ಡು ಕೊಡುವುದು ಬಹಳ ಕಡಿಮೆ. ಆ ಭಯದಿಂದ ದುಡಿಮೆ ಎಷ್ಟು ಹೋಯಿತು ಅಂತ ತೋರಿಸಿದರೆ ಲೆಕ್ಕವೇ ಬೇರೆ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಕೇಸಿನ ಸುಪ್ರೀಂ ಕೋರ್ಟ್ ತೀರ್ಪು ಓದಿದ ಮೇಲೆ ನನಗೆ ಇದು ಸ್ಪಷ್ಟವಾಯಿತು. ವೈದ್ಯರು ಬರೆಯುವ ಅಂಗವಿಕಲತೆಯ ಶೇಕಡಾವಾರು ಬೇರೆ, ಗಳಿಕೆಯ ಶಕ್ತಿ ಕುಂದಿದ ಶೇಕಡಾವಾರು ಬೇರೆ ಅನ್ನುತ್ತದೆ ಅದು. ಚಿಕಿತ್ಸೆ ಕೊಡದೆ ಸಿದ್ಧ ಸರ್ಟಿಫಿಕೇಟ್ ಬರೆದುಕೊಡುವ ವೈದ್ಯರ ಬಗ್ಗೆ ಎಚ್ಚರ ಇರಲಿ ಎಂದೂ ಹೇಳಿದೆ. ಕೋರ್ಟಿನ ಹೊರಗೆ “ಪರ್ಸೆಂಟ್ ಜಾಸ್ತಿ ಬರೆಸಿಕೊಡ್ತೀನಿ ಸರ್” ಅಂತ ಬಂದವನನ್ನು ಅದಕ್ಕೇ ದೂರ ಇಟ್ಟೆ.

ಕಂಪನಿ ನನ್ನನ್ನು ಗೋದಾಮಿನ ಲೆಕ್ಕಕ್ಕೆ ಹಾಕಿತ್ತು. ತಿಂಗಳಿಗೆ 36,000 ಇದ್ದದ್ದು ಫೀಲ್ಡ್ ಭತ್ಯೆ, ಇನ್ಸೆಂಟಿವ್ ಕಳೆದು 29,000ಕ್ಕೆ ಇಳಿಯಿತು. ಹಳೆಯ ಮತ್ತು ಹೊಸ ಸಂಬಳ ಚೀಟಿ, ಬ್ಯಾಂಕ್ ಪಾಸ್‌ಬುಕ್, ಫಾರಂ 16, ಬದಲಿ ಆದೇಶ ಎಲ್ಲವನ್ನೂ ಹಾಜರುಪಡಿಸಿದೆ. ಎಚ್‌ಆರ್‌ನವರನ್ನು ಸಾಕ್ಷಿಯಾಗಿ ಕರೆಸಿದೆವು. ಥೆರಪಿಗೆ ಹೋಗುತ್ತಿದ್ದ ಖಾಸಗಿ ಆಸ್ಪತ್ರೆ ಕೇಸ್ ಶೀಟ್ ಕೊಡಲು ಎಳೆದಾಡಿತು. ಮಾನಸಿಕ ಆರೋಗ್ಯ ಕಾಯ್ದೆ 2017ರ 25ನೇ ಕಲಮು ಹೆಸರಿಸಿ, ದಾಖಲೆ ಪಡೆಯುವುದು ನನ್ನ ಹಕ್ಕು ಎಂದು ಅರ್ಜಿ ಕೊಟ್ಟ ಮೇಲೆ ಪ್ರತಿ ಸಿಕ್ಕಿತು. ನನ್ನ ಹೆಂಡತಿಯೂ ಸಾಕ್ಷಿ ಹೇಳಿದಳು. ನಾನು ಕೂಗಿಕೊಂಡು ಎದ್ದ ರಾತ್ರಿಗಳನ್ನು ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ ಅವಳು ಗುರುತು ಹಾಕಿಟ್ಟಿದ್ದು ನನಗೇ ಗೊತ್ತಿರಲಿಲ್ಲ.

ಥೆರಪಿಯಲ್ಲಿ ಮೊದಲು ನಿಂತ ಕಾರಿನಲ್ಲಿ ಕೂರುವುದು, ಆಮೇಲೆ ಬೀದಿಯ ಕೊನೆಯವರೆಗೆ ಓಡಿಸುವುದು, ಹೀಗೆ ಒಂದೊಂದೇ ಮೆಟ್ಟಿಲು. ಗುಣವಾದರೆ ಕೇಸು ಬಿದ್ದುಹೋಗುತ್ತದೆ ಅಂತ ಒಬ್ಬರು ಹಿತೈಷಿಗಳು ಅಂದರು. ವಾಸ್ತವ ತಿರುಗಾಮುರುಗ. ಚಿಕಿತ್ಸೆಯ ನಡುವೆ ತೆರಪು ಬಿದ್ದಿದ್ದರೆ ವಿಮಾ ಕಂಪನಿ ಮೊದಲು ಹಿಡಿಯುತ್ತಿದ್ದದ್ದು ಅದನ್ನೇ.

ಪಾಟೀಸವಾಲು ಕಷ್ಟದ್ದು. “ಇವತ್ತು ಕೋರ್ಟಿಗೆ ಹೇಗೆ ಬಂದ್ರಿ?” ಬಸ್ಸಲ್ಲಿ ಅಂದೆ. “ಬಸ್ಸು ರಸ್ತೆ ಮೇಲೇ ಬರೋದಲ್ವಾ?” ಹೌದು ಸ್ವಾಮಿ. “ಮೊದಲೂ ನಿದ್ರೆ ಮಾತ್ರೆ ತಗೋತಿದ್ರಿ ಅಲ್ವಾ?” ಇಲ್ಲ. ‘ಹಣಕ್ಕಾಗಿ ನಟಿಸುತ್ತಿದ್ದೇನೆ ಎಂದರೆ ಸರಿಯಲ್ಲ’ ಎಂಬ ಸಾಲೂ ದಾಖಲಾಯಿತು. ಅದು ಎಲ್ಲ ಕೇಸಿನಲ್ಲೂ ಕೇಳುವ ಪ್ರಶ್ನೆ ಅಂತ ವಕೀಲರು ಸಮಾಧಾನ ಹೇಳಿದರೂ ಆ ರಾತ್ರಿ ಊಟ ಸೇರಲಿಲ್ಲ.

ವೈದ್ಯರು ಸಾಕ್ಷಿ ಹೇಳಲು, ಮಾನಸಿಕ ಕಾಯಿಲೆಯಿಂದಾದ ಅಂಗವಿಕಲತೆ ಅಳೆಯುವ ‘ಐಡಿಯಾಸ್’ ಎಂಬ ಅಳತೆಪಟ್ಟಿ ಹಿಡಿದು ಬಂದರು. ಸ್ವಂತ ಆರೈಕೆ, ಜನರೊಡನೆ ಬೆರೆಯುವುದು, ಮಾತು ಮತ್ತು ತಿಳಿವಳಿಕೆ, ಕೆಲಸ — ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕು ಅಂಕ. ಕಳೆದ ಎರಡು ವರ್ಷದಲ್ಲಿ ಎಷ್ಟು ತಿಂಗಳು ಕಾಯಿಲೆ ಇತ್ತು ಎಂಬುದಕ್ಕೆ ಇನ್ನಷ್ಟು. ನನಗೆ ಕೆಲಸಕ್ಕೆ 2, ಬೆರೆಯುವುದಕ್ಕೆ 1, ಅವಧಿಗೆ 3, ಒಟ್ಟು 6. ಶೇ 40 ಅನ್ನಿಸಿಕೊಳ್ಳಲು 7 ಬೇಕು. ವಿಮಾ ಕಂಪನಿಯ ವಕೀಲರು ಅಲ್ಲೇ ಹಿಡಿದರು: “ಹಾಗಾದ್ರೆ ಇದು ಅಂಗವಿಕಲತೆಯೇ ಅಲ್ಲ.” ಆ ಶೇ 40 ಸರ್ಕಾರಿ ಸವಲತ್ತಿಗೆ ಇರುವ ಮಿತಿ, ಗಳಿಕೆಯ ನಷ್ಟಕ್ಕೆ ಅದು ಅಡ್ಡಿಯಲ್ಲ ಎಂದು ನಮ್ಮವರು ವಾದಿಸಿದರು. ಕಾರು ಓಡಿಸುವ ಕೆಲಸದವನಿಗೆ ಕಾರು ಓಡಿಸಲಾಗದಿದ್ದರೆ ಏನು ಎಂಬ ಒಂದೇ ಪ್ರಶ್ನೆಗೆ ವೈದ್ಯರು ಕೊಟ್ಟ ಉತ್ತರ ತೀರ್ಪಿನಲ್ಲಿ ಹಾಗೇ ಬಂದಿದೆ.

ಟ್ರಿಬ್ಯೂನಲ್ ಗಳಿಕೆಯ ನಷ್ಟವನ್ನು ಶೇ 10 ಎಂದು ಇಟ್ಟಿತು. ಸಂಬಳ ಇಳಿದದ್ದು ಅದಕ್ಕಿಂತ ಹೆಚ್ಚು, ಆದರೆ ಮುಂದೆ ಸುಧಾರಿಸಬಹುದು ಎಂಬ ಕಾರಣ ಕೊಟ್ಟರು. ಆಗ ನನಗೆ 38 ವರ್ಷ, ಸುಪ್ರೀಂ ಕೋರ್ಟಿನ ಸರಳಾ ವರ್ಮಾ ತೀರ್ಪಿನ ಪ್ರಕಾರ ಆ ವಯಸ್ಸಿಗೆ ವರ್ಷದ ಗಳಿಕೆಯನ್ನು ಗುಣಿಸುವ ಸಂಖ್ಯೆ, ಅಂದರೆ ಗುಣಕ, 15. ವರ್ಷದ 4,32,000ವನ್ನು 15ರಿಂದ ಗುಣಿಸಿ ಅದರ ಹತ್ತನೇ ಒಂದು ಪಾಲು, 6,48,000. ‘ನೋವು, ಸಂಕಟ, ಆಘಾತ’ ಎಂಬ ಬಾಬ್ತಿಗೆ 50,000. ಔಷಧಿ ಮತ್ತು ಥೆರಪಿ ಬಿಲ್ಲು ಬೇರೆ. ಅರ್ಜಿ ಹಾಕಿದ ದಿನದಿಂದ ಶೇ 6 ಬಡ್ಡಿ. ಬರೀ ಆಘಾತದ ಬಾಬ್ತು ನಂಬಿಕೊಂಡಿದ್ದರೆ ಏನು ಸಿಗುತ್ತಿತ್ತು ಅಂತ ನೀವೇ ನೋಡಿ.

ಶೇ 10 ಜಾಸ್ತಿಯಾಯಿತು ಅಂತ ವಿಮಾ ಕಂಪನಿ ಹೈಕೋರ್ಟಿಗೆ ಮೇಲ್ಮನವಿ ಹಾಕಿದೆ. ಕಡಿಮೆಯಾಯಿತು ಅಂತ ನಾವೂ 90 ದಿನದ ಗಡುವಿನೊಳಗೆ ಹಾಕಿದ್ದೇವೆ. ಎರಡೂ ಒಟ್ಟಿಗೆ ವಿಚಾರಣೆಗೆ ಬರಬೇಕು.