ಒಂದೇ ಕ್ಯಾಬಿನ್, ಬೇರೆ ಬೇರೆ ಟೂರ್: ಕೆರಿಬಿಯನ್ ಕ್ರೂಸ್‌ನಲ್ಲಿ ನಾವು ಮಾಡಿಕೊಂಡ ಏರ್ಪಾಡು

ನನಗೆ ನೀರು ಅಂದರೆ ಪ್ರಾಣ. ನಮ್ಮ ಮನೆಯವರಿಗೆ ಕಲ್ಲು ಅಂದರೆ ಪ್ರಾಣ. ಹಳೇ ಕೋಟೆ, ಪಾಳುಬಿದ್ದ ಗುಡಿ, ಅದರ ಮುಂದಿನ ಮಾಹಿತಿ ಫಲಕ, ಯಾವುದೇ ಇರಲಿ, ಕೊನೆಯ ಸಾಲು ಓದುವ ತನಕ ಇವರು ಅಲ್ಲಿಂದ ಅಲ್ಲಾಡುವುದಿಲ್ಲ. ನಾನು ಸ್ನಾರ್ಕೆಲ್ ಅನ್ನುವ ಉಸಿರಾಟದ ಕೊಳವೆ ಹಾಕಿ ಸಮುದ್ರದಲ್ಲಿ ಮುಖ ಮುಳುಗಿಸಿದರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಅಮೆರಿಕದ ಮಯಾಮಿಯಿಂದ ಹೊರಟು ಮೆಕ್ಸಿಕೋದ ಕೊಜುಮೆಲ್, ಗ್ರ್ಯಾಂಡ್ ಕೇಮನ್, ಜಮೈಕಾದ ಫಾಲ್ಮೌತ್ ಸುತ್ತಿ ಬರುವ ಹಡಗಿಗೆ ಬುಕಿಂಗ್ ಆದ ಮೇಲೆ ಇಬ್ಬರೂ ಬಂದರುಗಳಲ್ಲಿ ಇಳಿದು ನೋಡುವ ಟೂರ್‌ಗಳ ಪಟ್ಟಿ ಹಿಡಿದು ಕೂತೆವು. ಇವರು ಗುರುತು ಹಾಕಿದ್ದು ನನಗೆ ಬೇಡ, ನಾನು ಹಾಕಿದ್ದು ಇವರಿಗೆ ಬೇಡ.

"ರೀ, ನೀವು ನಿಮ್ಮದಕ್ಕೆ ಹೋಗಿ, ನಾನು ನನ್ನದಕ್ಕೆ ಹೋಗ್ತೀನಿ" ಅಂದೆ.

"ಜೊತೆಗಿರೋಕೆ ಅಂತ ತಾನೆ ಹೋಗ್ತಿರೋದು?" ಅಂದರು.

ಮಾತು ನ್ಯಾಯವೇ. ಆದರೆ ಹಡಗಿನ ಲೆಕ್ಕ ಬೇರೆ. ಯಾವುದೋ ಊರಲ್ಲಿ ರೂಮು ಮಾಡಿ ಉಳಿದರೆ ಇವತ್ತು ನಿಮ್ಮದು, ನಾಳೆ ನನ್ನದು ಅನ್ನಬಹುದು. ಹಡಗು ಬೆಳಗ್ಗೆ ಬಂದು ಸಂಜೆ ಹೊರಟುಬಿಡುತ್ತದೆ. ಆ ಊರು ಮತ್ತೆ ಸಿಗುತ್ತದೋ ಇಲ್ಲವೋ. ಇನ್ನೊಬ್ಬರಿಗೋಸ್ಕರ ಸುಮ್ನೆ ಜೊತೆಗೆ ಹೋದರೆ ಒಬ್ಬರ ದಿನ ಪೂರ್ತಿ ಕಳೆದ ಹಾಗೆ, ಅಲ್ವಾ? ಅದೂ ಅಲ್ಲದೆ ತಿಂಡಿ, ರಾತ್ರಿ ಊಟ, ಎಲ್ಲೂ ನಿಲ್ಲದೆ ಸಮುದ್ರದಲ್ಲೇ ಕಳೆಯುವ ದಿನಗಳು, ಇವೆಲ್ಲ ಜೊತೆಯಲ್ಲೇ. ಇದನ್ನು ಹೇಳಿದ ಮೇಲೆ ಇವರು ಒಪ್ಪಿದರು. ಒಂದು ಬಂದರಿನಲ್ಲಾದರೂ ಜೊತೆಗೆ ಇಳಿಯಬೇಕು ಅಂತ ಷರತ್ತು ಹಾಕಿದರು. ನನಗೂ ಅದು ಸರಿ ಅನ್ನಿಸಿತು.

ಯಾರು ಯಾವ ಟೂರನ್ನು ಯಾರ ಹತ್ತಿರ ಬುಕ್ ಮಾಡಬೇಕು ಅನ್ನುವುದರ ಮೇಲೆ ಜಾಸ್ತಿ ತಲೆ ಕೆಡಿಸಿಕೊಂಡೆವು. ಹಡಗಿನವರ ಮೂಲಕ ತೆಗೆದುಕೊಂಡ ಟೂರು ತಡವಾದರೆ ಹಡಗು ಕಾಯುತ್ತದೆ. ಕಾಯಲು ಆಗದಿದ್ದರೆ ಮುಂದಿನ ಬಂದರಿಗೆ ತಲುಪಿಸುವ ಏರ್ಪಾಡು ಅವರದೇ. ನಾವೇ ಹುಡುಕಿಕೊಂಡ ದೋಣಿಯೋ ಟ್ಯಾಕ್ಸಿಯೋ ತಡವಾದರೆ ಹಡಗು ಕಾಯುವುದಿಲ್ಲ. ಹಾಗಂತ ಎಲ್ಲವನ್ನೂ ಹಡಗಿನವರ ಹತ್ತಿರವೇ ತೆಗೆದುಕೊಂಡರೆ ಖರ್ಚು ಏರುತ್ತದೆ, ಗುಂಪೂ ದೊಡ್ಡದಾಗಿರುತ್ತದೆ. ಅದಕ್ಕೆ ಹೀಗೆ ಮಾಡಿದೆವು. ಯಾರು ದೂರ ಹೋಗುತ್ತಾರೋ ಅವರಿಗೆ ಹಡಗಿನ ಟೂರು. ಹಡಗುಕಟ್ಟೆಯ ಹತ್ತಿರವೇ ಇರುವವರು ತಮಗೆ ಬೇಕಾದ್ದನ್ನು ನೋಡಿಕೊಳ್ಳಬಹುದು.

ಕೊಜುಮೆಲ್‌ನಲ್ಲಿ ದೂರ ಹೋಗಿದ್ದು ಇವರು. ಇವರಿಗೆ ಟುಲುಮ್ ನೋಡಬೇಕಿತ್ತು, ಸಮುದ್ರದ ದಂಡೆಯ ಬಂಡೆ ಮೇಲಿರುವ, ಮಾಯಾ ಅನ್ನುವ ಮೂಲನಿವಾಸಿ ಜನರ ಹಳೇ ಊರು. ಕೊಜುಮೆಲ್ ದ್ವೀಪ, ಟುಲುಮ್ ಇರುವುದು ಮೆಕ್ಸಿಕೋದ ಮುಖ್ಯ ನೆಲದಲ್ಲಿ. ಮೊದಲು ಪ್ಲಾಯಾ ಡೆಲ್ ಕಾರ್ಮೆನ್‌ಗೆ ಫೆರಿಯಲ್ಲಿ ಮುಕ್ಕಾಲು ಗಂಟೆ, ಆಮೇಲೆ ಬಸ್ಸು. ಬರುವಾಗ ಮತ್ತೆ ಅಷ್ಟೇ. ನಡುವೆ ಎಲ್ಲಿ ತಡವಾದರೂ ಹಡಗು ತಪ್ಪುತ್ತದೆ. ಇಂಥದ್ದನ್ನು ಸ್ವಂತವಾಗಿ ಮಾಡಬೇಡಿ ಅಂತ ನಾನು ಯಾರಿಗಾದರೂ ಹೇಳುತ್ತೇನೆ. ದ್ವೀಪಕ್ಕೂ ಮುಖ್ಯ ನೆಲಕ್ಕೂ ನಡುವಿನ ಸಮುದ್ರದಲ್ಲಿ ಅಲೆ ಜೋರು, ಹೊಟ್ಟೆ ತೊಳಸುವವರು ಮೊದಲೇ ಮಾತ್ರೆ ತೆಗೆದುಕೊಂಡಿರಬೇಕು. ಟುಲುಮ್‌ನಲ್ಲಿ ನೆರಳು ಕಡಿಮೆ. ಟೋಪಿ, ನೀರು ಇಲ್ಲದೆ ಆಗುವುದಿಲ್ಲ. ಅಷ್ಟು ದೂರದ ಪ್ರಯಾಣ ಬೇಡ ಅನ್ನುವವರಿಗೆ ಕೊಜುಮೆಲ್ ದ್ವೀಪದಲ್ಲೇ ಸ್ಯಾನ್ ಹರ್ವಾಸಿಯೋ ಅನ್ನುವ ಮಾಯಾ ಪಾಳುಗಳಿವೆ. ಇಶ್ಚೆಲ್ ಅನ್ನುವ ದೇವಿಯ ಕ್ಷೇತ್ರ ಅದು, ಹಿಂದೆ ಮಾಯಾ ಹೆಂಗಸರು ಸಮುದ್ರ ದಾಟಿ ಯಾತ್ರೆ ಬರುತ್ತಿದ್ದ ಜಾಗ.

ನಾನು ಅಲ್ಲಿಯದೇ ಒಂದು ಸಣ್ಣ ದೋಣಿ ಹಿಡಿದು ಪಲಂಕಾರ್ ಹವಳದ ದಿಬ್ಬಕ್ಕೆ ಹೋದೆ. ಕೊಜುಮೆಲ್‌ನಲ್ಲಿ ನೀರಿನ ಸೆಳೆತ ಇದೆ. ಅದರ ವಿರುದ್ಧ ಈಜುವ ಗೋಜಿಗೇ ಹೋಗಬಾರದು. ಸೆಳೆತ ನಮ್ಮನ್ನು ಮೆಲ್ಲಗೆ ಒಯ್ಯುತ್ತದೆ, ದೋಣಿ ಹಿಂದೆಯೇ ಬಂದು ಮುಂದೆ ಎಲ್ಲೋ ಹತ್ತಿಸಿಕೊಳ್ಳುತ್ತದೆ. ಗಿಳಿಮೀನು ಹವಳವನ್ನು ಕಚ್ಚುವ ಸದ್ದು ನೀರಿನೊಳಗೆ ಟಕ್ ಟಕ್ ಅಂತ ಕೇಳಿಸುತ್ತದೆ. ಅದು ಅರೆದು ಹೊರಹಾಕುವ ಹವಳದ ಪುಡಿಯೇ ಕೆಳಗಿನ ಬಿಳಿ ಮರಳಿನಲ್ಲಿ ಒಂದು ಪಾಲು. 1996ರಿಂದ ಇದು ರಾಷ್ಟ್ರೀಯ ಉದ್ಯಾನ. ಹವಳ ಮುಟ್ಟುವ ಹಾಗಿಲ್ಲ. ಸನ್‌ಸ್ಕ್ರೀನ್ ಹವಳಕ್ಕೆ ಒಳ್ಳೆಯದಲ್ಲ ಅಂತ ನಾನು ಉದ್ದ ತೋಳಿನ ಈಜುಡುಗೆಯನ್ನೇ ಹಾಕಿಕೊಂಡಿದ್ದೆ. ಇವರು ದಡದಲ್ಲಿ ಕಾಯುತ್ತಿರುತ್ತಾರೆ, ಬೇಗ ಹೋಗಬೇಕು ಅನ್ನುವ ಚಿಂತೆ ಇಲ್ಲದೆ ಮೀನು ನೋಡಿದ್ದು ಅವತ್ತೇ ಮೊದಲು. ಆ ನಿರಾಳತೆಯನ್ನು ನಾನು ತುಂಬ ಅನುಭವಿಸಿದೆ.

ಗಡಿಯಾರದ ವಿಷಯ ಗಮನವಿಟ್ಟು ಓದಿ. ನಾವು ಹೋಗಿದ್ದು ಜೂನ್‌ನಲ್ಲಿ. ಅಲ್ಲಿ ಅದು ಬೇಸಿಗೆ, ಬೇಸಿಗೆಯಲ್ಲಿ ಮಯಾಮಿಯವರು ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ. ಜಮೈಕಾ, ಕೇಮನ್, ಕೊಜುಮೆಲ್ ಈ ಮೂರೂ ಕಡೆ ಬೇಸಿಗೆಗೆ ಅಂತ ಗಡಿಯಾರ ಬದಲಿಸುವುದಿಲ್ಲ. ನಮ್ಮ ಹಡಗು ಉದ್ದಕ್ಕೂ ಮಯಾಮಿ ಸಮಯವನ್ನೇ ಇಟ್ಟುಕೊಂಡಿತ್ತು. ಅಂದರೆ ಹಡಗಿನಲ್ಲಿ 5 ಗಂಟೆ ಆದಾಗ ದ್ವೀಪದಲ್ಲಿ 4 ಗಂಟೆ. ಅಲ್ಲಿನ ನೆಟ್‌ವರ್ಕ್ ಸಿಕ್ಕ ಕೂಡಲೇ ಫೋನು ತಾನಾಗಿಯೇ ದ್ವೀಪದ ಸಮಯಕ್ಕೆ ಹೊರಳುತ್ತದೆ. ಜೊತೆಗಿದ್ದರೆ ಒಬ್ಬರಲ್ಲ ಒಬ್ಬರಿಗೆ ಅದು ಹೊಳೆಯುತ್ತದೆ. ಒಬ್ಬರೇ ಇದ್ದಾಗ ಹೇಳುವವರು ಇರುವುದಿಲ್ಲ. ಅದಕ್ಕೆ ಇಬ್ಬರೂ ಮುಳ್ಳಿನ ಕೈಗಡಿಯಾರ ಕಟ್ಟಿ, ಹಡಗಿನ ಸಮಯಕ್ಕೆ ಇಟ್ಟು, ಹಡಗು ಬಿಡುವ ತನಕ ಮುಟ್ಟಲಿಲ್ಲ. ದೋಣಿಯವರು ಇಷ್ಟು ಗಂಟೆಗೆ ಬನ್ನಿ ಅಂದಾಗ, ಅದು ಹಡಗಿನ ಗಂಟೆಯೋ ಊರಿನ ಗಂಟೆಯೋ ಅಂತ ಕೇಳಿಯೇ ಬರೆದುಕೊಂಡೆ. ಕೆಲವು ಹಡಗುಗಳು ಬಂದರಿಗೆ ತಕ್ಕ ಹಾಗೆ ಸಮಯ ಬದಲಿಸುತ್ತವೆ. ಹಿಂದಿನ ಸಂಜೆಯ ಪ್ರಕಟಣೆ ಕೇಳಿಸಿಕೊಳ್ಳಿ.

ಬ್ಯಾಗು ಎರಡು ಬೇಕು. ಗಂಡ ಹೆಂಡತಿ ಹೊರಗೆ ಹೊರಟರೆ ಒಂದೇ ಬ್ಯಾಗಿನಲ್ಲಿ ಇಬ್ಬರ ಸಾಮಾನು ತುಂಬುವುದು ರೂಢಿ. ಇವರ ಬಿಪಿ ಮಾತ್ರೆ ನನ್ನ ಬ್ಯಾಗಿನಲ್ಲಿ, ನನ್ನ ಕನ್ನಡಕ ಇವರ ಜೇಬಿನಲ್ಲಿ. ಹಿಂದಿನ ರಾತ್ರಿಯೇ ಮಾತ್ರೆ, ನೀರು, ಬೇರೆ ಬೇರೆ ಕಾರ್ಡು, ಟಿಪ್ಸ್ ಕೊಡಲು ಒಂದೊಂದು ಡಾಲರಿನ ನೋಟು, ಎಲ್ಲವನ್ನೂ ಎರಡು ಪಾಲು ಮಾಡಿದೆ. ಹಡಗಿನ ಕಾರ್ಡು ಹೇಗೂ ಇಬ್ಬರಿಗೂ ಬೇರೆ ಬೇರೆ ಇರುತ್ತದೆ. ಪಾಸ್‌ಪೋರ್ಟು ಮಾತ್ರ ಯೋಚಿಸಿ ತೀರ್ಮಾನಿಸಿದೆವು. ದೂರ ಹೋಗುವವರ ಕೈಯಲ್ಲಿ ಅಸಲು, ನೀರಿಗೆ ಇಳಿಯುವವರದು ಕ್ಯಾಬಿನ್ ಲಾಕರಿನಲ್ಲಿ, ನಕಲು ಬ್ಯಾಗಿನಲ್ಲಿ.

ದಿನವಿಡೀ ಫೋನಿನಲ್ಲಿ ಮಾತಾಡಿಕೊಳ್ಳುತ್ತೇವೆ ಅಂತ ನಂಬಿಕೊಂಡು ಹೊರಡಬೇಡಿ. ಹಡಗಿನ ಆ್ಯಪ್‌ನ ಚಾಟ್ ಹಡಗಿನ ವೈಫೈನಲ್ಲಿ ಮಾತ್ರ ನಡೆಯುತ್ತದೆ. ನಾವು ಒಂದು ಚೀಟಿಯಲ್ಲಿ ಟೂರಿನ ಹೆಸರು, ದೋಣಿಯವರ ಫೋನ್ ನಂಬರು, ವಾಪಸ್ ಬರುವ ಸಮಯ ಬರೆದು ಕ್ಯಾಬಿನ್ ಕನ್ನಡಿಗೆ ಸಿಕ್ಕಿಸಿ ಹೋಗುತ್ತಿದ್ದೆವು. ಭೇಟಿಯ ಜಾಗ ಕ್ಯಾಬಿನ್ನೇ, ಹಡಗುಕಟ್ಟೆ ಅಲ್ಲ. ಕಟ್ಟೆಯಲ್ಲಿ ಒಬ್ಬರು ಇನ್ನೊಬ್ಬರಿಗಾಗಿ ಕಾಯುತ್ತ ನಿಂತರೆ ಇಬ್ಬರಿಗೂ ಹಡಗು ತಪ್ಪಬಹುದು. ಒಬ್ಬರು ಬರದಿದ್ದರೆ ಏನು ಮಾಡುವುದು ಅಂತಲೂ ಮೊದಲೇ ಮಾತಾಡಿಕೊಂಡೆವು. ಆಡಲು ಕಷ್ಟದ ಮಾತೇ, ಆದರೂ ಆಡಬೇಕು. ಒಳಗಿರುವವರು ಇಳಿದು ಹುಡುಕಲು ಹೋಗಬಾರದು. ಗೆಸ್ಟ್ ಸರ್ವಿಸಸ್ ಕೌಂಟರಿಗೆ ಹೋಗಿ ತಿಳಿಸಬೇಕು. ಯಾರು ಹತ್ತಿದ್ದಾರೆ, ಯಾರು ಹತ್ತಿಲ್ಲ ಅಂತ ಕಾರ್ಡು ಸ್ಕ್ಯಾನ್ ಆದ ಲೆಕ್ಕ ಅವರ ಹತ್ತಿರ ಇರುತ್ತದೆ. ಹೊರಗೆ ಉಳಿದವರು ಆ ಬಂದರಿನಲ್ಲಿ ಹಡಗಿನವರ ಪರವಾಗಿರುವ ಏಜೆಂಟರಿಗೆ ಫೋನ್ ಮಾಡಬೇಕು. ಆ ನಂಬರು ಹಡಗಿನ ದಿನಚರಿ ಹಾಳೆಯಲ್ಲಿತ್ತು, ಹರಿದು ಜೇಬಿಗೆ ಹಾಕಿಕೊಂಡೆವು.

ಗ್ರ್ಯಾಂಡ್ ಕೇಮನ್‌ನಲ್ಲಿ ಜೊತೆಗೇ ಇಳಿದೆವು. ಅಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ, ದೂರದಲ್ಲಿ ಲಂಗರು ಹಾಕುತ್ತದೆ. ಟೆಂಡರ್ ಅನ್ನುವ ಸಣ್ಣ ದೋಣಿಗಳಲ್ಲಿ ಜಾರ್ಜ್ ಟೌನ್‌ಗೆ ಹೋಗಬೇಕು. ಇಂಥ ಕಡೆ ನೆನಪಿಡಬೇಕಾದ್ದು ಕೊನೆಯ ಟೆಂಡರ್ ಹೊರಡುವ ಸಮಯ. ಟೆಂಡರಿನ ಸಾಲು, ಕಾಯುವಿಕೆ ಎಲ್ಲ ನೋಡಿದರೆ, ಬೇರೆ ಬೇರೆ ಹೋಗಲು ಅದು ಒಳ್ಳೆ ಜಾಗ ಅಲ್ಲ ಅಂತ ನನ್ನ ಅಭಿಪ್ರಾಯ. ಸ್ಟಿಂಗ್‌ರೇ ಸಿಟಿಯಲ್ಲಿ ಸೊಂಟದಷ್ಟು ನೀರಿನ ಮರಳು ದಿಬ್ಬದ ಮೇಲೆ ಇಬ್ಬರೂ ನಿಂತೆವು. ಹಿಂದೆ ಮೀನುಗಾರರು ಅಲ್ಲಿ ಮೀನು ಹೆಚ್ಚಿ ತ್ಯಾಜ್ಯ ಎಸೆಯುತ್ತಿದ್ದರಂತೆ, ಆ ಆಸೆಗೆ ಸ್ಟಿಂಗ್‌ರೇ ಅನ್ನುವ, ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನುಗಳು ಸೇರತೊಡಗಿದವು. ಅವುಗಳ ಮೇಲೆ ಕಾಲು ಬೀಳದ ಹಾಗೆ, ಕಾಲು ಎತ್ತಿ ಇಡದೆ ಮರಳಿನಲ್ಲಿ ಎಳೆದುಕೊಂಡೇ ನಡೆಯಬೇಕು.

ಫಾಲ್ಮೌತ್‌ನಲ್ಲಿ ದೂರ ಹೋಗುವ ಸರದಿ ನನ್ನದು. ಓಚೊ ರಿಯೋಸ್ ಹತ್ತಿರದ ಡನ್ಸ್ ರಿವರ್ ಜಲಪಾತಕ್ಕೆ ಹಡಗಿನ ಬಸ್ಸಿನಲ್ಲಿ ಹೋದೆ. ಸುಮಾರು 600 ಅಡಿ ಉದ್ದಕ್ಕೆ, ಮೆಟ್ಟಿಲಿನ ಹಾಗೆ ಇಳಿದು ಸಮುದ್ರಕ್ಕೇ ಸೇರುವ ನೀರು. ಅದರೊಳಗೇ ಕೆಳಗಿನಿಂದ ಮೇಲಕ್ಕೆ ಹತ್ತುವುದು. ಪರಿಚಯ ಇಲ್ಲದವರೆಲ್ಲ ಕೈ ಕೈ ಹಿಡಿದು ಸರಪಳಿ ಮಾಡಿಕೊಳ್ಳುತ್ತಾರೆ. ಒಬ್ಬಳೇ ಬಂದಿದ್ದೀನಿ ಅಂತ ಅನ್ನಿಸಲೇ ಇಲ್ಲ. ಮಂಡಿ ನೋವಿರುವ ಇವರಿಗೆ ಅದು ಆಗುವ ಮಾತಲ್ಲ. ಜೊತೆಗೆ ಹೋಗಿದ್ದರೆ ನಾನೂ ಹತ್ತುತ್ತಿರಲಿಲ್ಲ.

ಇವರು ಊರಲ್ಲೇ ನಡೆದಾಡಿದರು. ಫಾಲ್ಮೌತ್ 1769ರಲ್ಲಿ ಹುಟ್ಟಿದ ಊರು, ಸಕ್ಕರೆ ಸಾಗಿಸಿ ಬೆಳೆದದ್ದು. ಆ ಸಕ್ಕರೆಯ ಹಿಂದೆ ಇದ್ದದ್ದು ಗುಲಾಮರ ದುಡಿತ. ವಿಲಿಯಂ ನಿಬ್ ಅನ್ನುವ ಪಾದ್ರಿಯ ಹೆಸರಿನ ಚರ್ಚು ಅಲ್ಲಿದೆ. 1838ರ ಜುಲೈ 31ರ ನಡುರಾತ್ರಿ, ಗುಲಾಮರ ಪೂರ್ತಿ ಬಿಡುಗಡೆಯ ಗಳಿಗೆ ಬಂದಾಗ, ಅವರ ಸಭೆಯ ಜನ ಸಂಕೋಲೆ, ಚಾಟಿಗಳನ್ನು ಶವಪೆಟ್ಟಿಗೆಯಲ್ಲಿಟ್ಟು ಹೂತರಂತೆ. ರಾತ್ರಿ ಊಟಕ್ಕೆ ಕೂತಾಗ ಇವರು ಇದನ್ನು ಹೇಳಿದರು. ನನ್ನ ತಟ್ಟೆಯ ಊಟ ಆರಿಹೋಗಿತ್ತು, ನಾನು ಕೇಳುತ್ತಲೇ ಇದ್ದೆ. ಆಮೇಲೆ ನನ್ನ ಜಲಪಾತದ ಕಥೆ ಶುರುವಾಯಿತು. ಊಟದ ಮೇಜಿನಲ್ಲಿ ಅಷ್ಟು ಹೊತ್ತು ನಾವಿಬ್ಬರೂ ಕೂತು ಬಹಳ ಕಾಲವಾಗಿತ್ತು.

ಮುಂದಿನ ಸಲ ಪೂರ್ವದ ಕಡೆಗೆ ಹೋಗುವ ಯೋಚನೆ ಇದೆ. ಪೋರ್ಟೊ ರಿಕೊದ ಸ್ಯಾನ್ ಹುವಾನ್‌ನಲ್ಲಿ 1539ರಲ್ಲಿ ಕಟ್ಟಲು ಶುರು ಮಾಡಿದ ಎಲ್ ಮೋರೊ ಕೋಟೆಗೆ ಹಳೇ ಊರಿನ ಹಡಗುಕಟ್ಟೆಯಿಂದ ನಡೆದೇ ಹೋಗಬಹುದು, ಅದು ಇವರದು. ಎಲ್ ಯುಂಕೆ ಮಳೆಕಾಡಿಗೆ ಸುಮಾರು ಒಂದು ಗಂಟೆ ದಾರಿ, ಹಾಗಾಗಿ ಹಡಗಿನ ಬಸ್ಸು ನನಗೆ. ಸೇಂಟ್ ಥಾಮಸ್ ದ್ವೀಪದಲ್ಲಿ ಮೇಗನ್ಸ್ ಬೇ ಬೀಚಿಗೆ ಜೊತೆಗೇ ಹೋಗೋಣ ಅಂತ ಈ ಸಲ ಇವರೇ ಮೊದಲು ಗುರುತು ಹಾಕಿದ್ದಾರೆ.