ಹೊಳೆ ಚೆನ್ನಾಗಿದೆಯಾ? ಕಲ್ಲು ತಿರುವಿ ನೋಡಿ

ನೀರಿನ ಬಣ್ಣ ನೋಡಿ ಹೊಳೆಯ ಆರೋಗ್ಯ ಹೇಳಬೇಡಿ. ಹಿಮಾಲಯದ ಗೋಮುಖದಿಂದ ಹೊರಡುವ ಭಾಗೀರಥಿ ಬೂದಿ ಕದಡಿದ ಹಾಗೆ ಕಾಣುತ್ತಾಳೆ. ಅದು ಹಿಮನದಿ ಜರುಗುವಾಗ ಬಂಡೆ ಅರೆದು ಆದ ಕಲ್ಲಿನ ಹಿಟ್ಟು, ಕೊಳೆಯಲ್ಲ. ನಮ್ಮ ಕಲಬುರಗಿ ಕಡೆ ತಳ ಕಾಣುವ ಹಳ್ಳದಲ್ಲೂ ಜೀವ ಸತ್ತಿರಬಹುದು. ಖರೆ ಗೊತ್ತಾಗಬೇಕೆಂದರೆ ನೀರೊಳಗಿನ ಕಲ್ಲು ಎತ್ತಿ, ಅಡಿಯಲ್ಲಿ ಯಾವ ಹುಳಗಳಿವೆ ಅಂತ ನೋಡಬೇಕು.

ಇದಕ್ಕೆ ದೀಪಾವಳಿ ಆದಮೇಲೆ ಹೋಗಿ. ಮಳೆಗಾಲದಲ್ಲಿ ಎರೆಮಣ್ಣು ಬೆರೆತು ಏನೂ ಕಾಣೋದಿಲ್ಲ, ಸೆಳವೂ ಜಾಸ್ತಿ. ಮೊಣಕಾಲಿಗಿಂತ ಕಡಿಮೆ ನೀರಿದ್ದು, ಕಲ್ಲುಗಳ ನಡುವೆ ಜುಳುಜುಳು ಹರಿಯುವ ಜಾಗ ಬೇಕು. ಮೇಲೆ ಬ್ಯಾರೇಜ್ ಇದ್ದರೆ ಆವತ್ತು ನೀರು ಬಿಡ್ತಾರಾ ಅಂತ ಊರವರನ್ನು ಕೇಳಿಕೊಂಡೇ ಇಳಿಯಿರಿ. ಕಾಲಲ್ಲಿ ಗಾಯ ಇದ್ದರೆ ಬೇಡ.

ಒಂದು ಬಿಳಿ ತಾಟು, ಚಹಾ ಸೋಸುವ ಜರಡಿ, ಹಳೆ ಟೂತ್‌ಬ್ರಷ್, ಎರಡು ಕೋಲಿಗೆ ಕಟ್ಟಿದ ಹಳೆ ಸೊಳ್ಳೆ ಪರದೆಯ ತುಂಡು, ಇಷ್ಟು ಸಾಕು. ನೀರು ಹರಿದು ಹೋಗುವ ಕಡೆ ಒಬ್ಬರು ಪರದೆಯನ್ನು ತಳಕ್ಕೆ ತಾಗಿಸಿ ಹಿಡಿಯಲಿ, ಮೇಲಿನ ಕಡೆ ನಿಂತವರು ಒಂದು ನಿಮಿಷ ಕಾಲಿನಿಂದ ಕಲ್ಲು ಕದಡಲಿ, ಎದ್ದ ಹುಳಗಳೆಲ್ಲ ಹರಿದು ಬಂದು ಪರದೆಗೆ ಸಿಕ್ಕಿಕೊಳ್ಳುತ್ತವೆ. ಆಮೇಲೆ ಐದಾರು ಕಲ್ಲು ಎತ್ತಿ, ಅಡಿಭಾಗವನ್ನು ತಾಟಿನೊಳಗೆ ಮೆಲ್ಲಗೆ ಉಜ್ಜಿ. ಪರದೆಗೆ ಸಿಕ್ಕವನ್ನೂ ತಾಟಿಗೆ ಹಾಕಿ, ನೀರು ಹಾಕಿ ಎರಡು ನಿಮಿಷ ಸುಮ್ನೆ ಕೂತು ನೋಡಿ, ಅವಸರ ಮಾಡಿದರೆ ಎಲ್ಲ ಕಸದ ಹಾಗೇ ಕಾಣುತ್ತದೆ.

ಮೊದಲ ಸಲ ನಾನು ಮಳಖೇಡದ ಹತ್ತಿರ ಕಾಗಿಣಾ ಹೊಳೆಯಲ್ಲಿ ಕಲ್ಲು ಎತ್ತಿದಾಗ ಅಡಿಯಲ್ಲಿ ತೊಗರಿ ಕಾಳಿನಷ್ಟು ಮರಳಿನ ಗುಡ್ಡೆ ಅಂಟಿತ್ತು. ಮಣ್ಣು ಅಂತ ಒರೆಸಲು ಹೋದೆ. ಒಂದೊಂದೇ ಮರಳ ಕಣವನ್ನು ರೇಷ್ಮೆಯಂಥ ಎಳೆಯಿಂದ ಹೊಲಿದು ಕಟ್ಟಿದ ಮನೆ ಅದು, ಒಳಗೆ ಕ್ಯಾಡಿಸ್ ಅನ್ನುವ ಕೀಟದ ಮರಿಹುಳ ಇತ್ತು! ಪಕ್ಕದಲ್ಲೇ ಮೂರು ಬಾಲದ ಚಪ್ಪಟೆ ಮರಿ, ಹೊಟ್ಟೆಯ ಎರಡೂ ಬದಿ ಎಲೆಯಂಥ ಕಿವಿರು ಬಡಿಯುತ್ತಿತ್ತು. ಅದು ಮೇಫ್ಲೈ ಅನ್ನುವ ಕೀಟದ ಮರಿ. ಈ ಎರಡೂ ಬೇರೆಬೇರೆ ಬಗೆಯಲ್ಲಿ ಸಿಕ್ಕರೆ ನೀರಲ್ಲಿ ಆಮ್ಲಜನಕ ಚೆನ್ನಾಗಿದೆ ಅಂತ ತಿಳಿಯಿರಿ. ಏರೋಪ್ಲೇನ್ ಚಿಟ್ಟೆಯ ಮರಿ, ಬಸವನಹುಳು ಮಧ್ಯಮ ನೀರಲ್ಲೂ ಇರುತ್ತವೆ. ಬರೀ ಕೆಂಪು ದಾರದಂಥ ಹುಳಗಳೇ ತಾಟು ತುಂಬಿದರೆ ಮೇಲೆಲ್ಲೋ ಚರಂಡಿ ಸೇರುತ್ತಿದೆ, ಹೋಗಿ ಹುಡುಕಿ.

ಆ ಕೆಂಪು ಹುಳಗಳಲ್ಲಿ ಹಲವು, ಸೊಳ್ಳೆಯಂತಿದ್ದರೂ ಕಚ್ಚದ ಒಂದು ನೊಣದ ಮರಿಗಳು. ಅವುಗಳಿಗೆ ನಮ್ಮ ರಕ್ತದಲ್ಲಿರುವಂತೆ ಹಿಮೋಗ್ಲೋಬಿನ್ ಇದೆ, ಆಮ್ಲಜನಕ ಕಡಿಮೆಯಾದರೂ ಬದುಕುತ್ತವೆ. ಅದೇ ಕುಟುಂಬದ ಡಯಾಮೆಸಾ ಅನ್ನುವ ಬಳಗ ಹಿಮನದಿ ಕರಗಿ ಹೊರಬರುವ ಬಾಯಲ್ಲೇ ಇರುತ್ತದೆ, 2 ಡಿಗ್ರಿಗಿಂತ ತಣ್ಣಗಿನ ನೀರಲ್ಲಿ. ಅಲ್ಲಿ ಆಮ್ಲಜನಕಕ್ಕೆ ಬರವಿಲ್ಲ. ಚಳಿ ಮತ್ತು ಉರುಳುವ ಕಲ್ಲಿಗೇ ಬೇರೆ ಹುಳಗಳು ನಿಲ್ಲುವುದಿಲ್ಲ.

ನಮ್ಮ ಕಷ್ಟ ಇದರ ಉಲ್ಟಾ. ಸೊನ್ನೆ ಡಿಗ್ರಿಯ ಒಂದು ಲೀಟರ್ ನೀರು ಸುಮಾರು 14.6 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ಕಲಬುರಗಿ ಬಿಸಿಲಲ್ಲಿ ಹೊಳೆ ಅರ್ಧ ಉಸಿರಲ್ಲೇ ಇರುತ್ತದೆ, ಅದರ ಮೇಲೆ ಹೊಲಸು ಬಿಟ್ಟರೆ ಕೊಳೆಸುವ ಬ್ಯಾಕ್ಟೀರಿಯಾ ಉಳಿದದ್ದನ್ನೂ ತಿಂದು ಹಾಕುತ್ತದೆ. ಹಿಮದ ಹೊಳೆಗೆ ಬೇಸಿಗೆಯಲ್ಲಿ ನೀರು ಏರುತ್ತದೆ, ಕಾಗಿಣಾ, ಭೀಮಾ ಎರಡೂ ಮಳೆಯ ಹೊಳೆಗಳು, ಬೇಸಿಗೆಯಲ್ಲಿ ಇಳಿಯುತ್ತವೆ. ಅದಕ್ಕೇ ಏಪ್ರಿಲ್‌ನಲ್ಲಿ ಬಿಡುವ ಒಂದು ಕೊಡ ಕೊಳೆ ಆಗಸ್ಟ್‌ನ ಹತ್ತು ಕೊಡಕ್ಕಿಂತ ಕೆಟ್ಟದ್ದು ಅನ್ನುತ್ತೇನೆ.

ನೋಡಿದ ಮೇಲೆ ಹುಳಗಳನ್ನು ನೀರಿಗೆ ಬಿಡಿ. ಕಲ್ಲನ್ನು ಮೊದಲಿದ್ದ ಮಗ್ಗುಲಿಗೇ ಇಡಿ, ಮಗುಚಿ ಇಟ್ಟರೆ ಅಂಟಿಕೊಂಡವು ಬಿಸಿಲಿಗೆ ಬೀಳುತ್ತವೆ. ಕೈ ಸಾಬೂನಿನಿಂದ ತೊಳೆಯಿರಿ. ತಾಟಿನ ಫೋಟೋ, ತಾರೀಖು, ಎಷ್ಟು ಬಗೆ ಸಿಕ್ಕವು, ಇಷ್ಟನ್ನು ಬರೆದಿಟ್ಟು ಮಾರ್ಚ್‌ನಲ್ಲಿ ಅದೇ ಜಾಗಕ್ಕೆ ಮತ್ತೆ ಹೋಗಿ.