ತೂಕದ ಆಪರೇಷನ್‌ಗೆ ಮುಂಚಿನ ಭಯ: ಚೀಟಿ ಬರೆಸಿ, ಒಳಲೆ ಕೊಟ್ಟು ನೋಡಿದ ಅನುಭವ

"ಹೆದರ್ಕೋಬೇಡಿ, ಏನೂ ಆಗಲ್ಲ" ಅನ್ನುವ ಮಾತನ್ನು, ತೂಕ ಇಳಿಸಲು ಹೊಟ್ಟೆಯ ಆಪರೇಷನ್ (ಬೇರಿಯಾಟ್ರಿಕ್ ಸರ್ಜರಿ) ಮಾಡುವ ನಮ್ಮ ವಿಭಾಗದಲ್ಲಿ ನಿಲ್ಲಿಸಿ ನಾಲ್ಕು ವರ್ಷದ ಮೇಲಾಯಿತು. ನಿಲ್ಲಿಸಿದಾಗ ಸರ್ಜನ್‌ರಿಂದ ಹಿಡಿದು ಬಿಲ್ಲಿಂಗ್ ಕೌಂಟರ್‌ನವರ ತನಕ ಎಲ್ಲರೂ ಹೇಳಿದ್ದು ಒಂದೇ: "ಇರೋದನ್ನೆಲ್ಲ ಹೇಳಿಬಿಟ್ರೆ ಪೇಷೆಂಟ್ ಓಡಿಹೋಗ್ತಾರೆ." ಕೆಲವರು ಓಡಿದ್ದೂ ನಿಜ. ಆದರೆ ಓಡುವವರು ಈಗ ಐದು ದಿನ ಮುಂಚೆ ಓಡುತ್ತಾರೆ. ಮೊದಲು ಹಿಂದಿನ ರಾತ್ರಿ ಹನ್ನೊಂದಕ್ಕೆ ಫೋನ್ ಸ್ವಿಚ್ ಆಫ್ ಮಾಡುತ್ತಿದ್ದರು. ಓಟಿ (ಆಪರೇಷನ್ ಥಿಯೇಟರ್) ಪಟ್ಟಿ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದನ್ನು ಬರೆಯುತ್ತಿರುವುದು ಡಯಟೀಷಿಯನ್, ಕೋಆರ್ಡಿನೇಟರ್, ಕೌನ್ಸೆಲರ್ ಕೆಲಸ ಮಾಡುವವರಿಗೆ. ಸ್ಲೀವ್ (ಹೊಟ್ಟೆಯ ಬಹುಭಾಗ ಕತ್ತರಿಸಿ ತೆಗೆಯುವುದು) ಯಾರಿಗೆ, ಬೈಪಾಸ್ (ಹೊಟ್ಟೆ ಚಿಕ್ಕದು ಮಾಡಿ ಕರುಳಿಗೆ ಜೋಡಿಸುವುದು) ಯಾರಿಗೆ ಅನ್ನುವುದೆಲ್ಲ ನಿಮಗೆ ಗೊತ್ತಿರುವುದೇ.

ಮೊದಲು ಕೈಕೊಟ್ಟವುಗಳ ಲೆಕ್ಕ. ಅನಿಮೇಷನ್ ವಿಡಿಯೋ ತೋರಿಸಿದೆವು. ಸ್ಟೇಪ್ಲರ್ ಕಚ್ಚಿ ಮುಕ್ಕಾಲು ಹೊಟ್ಟೆ ಬೇರೆಯಾಗುವ ದೃಶ್ಯ ಬಂದ ಕೂಡಲೇ ಜೊತೆಗೆ ಬಂದ ತಾಯಂದಿರು ಎದ್ದು ಹೊರಗೆ ಹೋಗುತ್ತಿದ್ದರು. ಆಮೇಲೆ ಹಳೆಯ ರೋಗಿಗಳನ್ನು ಕರೆಸಿ ಮಾತಾಡಿಸಿದೆವು. ನಲವತ್ತು ಕೆ.ಜಿ. ಇಳಿಸಿಕೊಂಡು ಹಳೇ ಪ್ಯಾಂಟ್ ಹಿಡಿದು ಫೋಟೋ ತೆಗೆಸಿಕೊಂಡವರನ್ನೇ ಕರೆದದ್ದು ತಪ್ಪಾಯಿತು. ಎದುರಿಗೆ ಕೂತವರಿಗೆ ಆಸೆ ಹುಟ್ಟಿತೇ ಹೊರತು ಭಯ ಹೋಗಲಿಲ್ಲ, ಯಾಕೆಂದರೆ ಆ ಮನುಷ್ಯರಿಗೆ ಮೊದಲ ಹದಿನೈದು ದಿನ ಹೇಗಿತ್ತೆಂಬುದು ಮರೆತೇಹೋಗಿತ್ತು. ಈಗ ಕರೆಸುವುದು ಐದನೇ ಆರನೇ ವಾರದಲ್ಲಿರುವವರನ್ನು. ಇನ್ನೂ ಅನ್ನ ಮುಟ್ಟದೆ, ಆಗಾಗ ವಾಂತಿ ಮಾಡಿಕೊಳ್ಳುತ್ತಾ, "ಯಾಕಪ್ಪಾ ಬೇಕಿತ್ತು" ಅಂತ ವಾರಕ್ಕೊಮ್ಮೆ ಗೊಣಗುವವರನ್ನು. ಅವರು ಹೇಳಿದರೆ ನಂಬುತ್ತಾರೆ.

ಶೇಕಡಾವಾರು ಹೇಳಿದ್ದೂ ಕೆಲಸ ಮಾಡಲಿಲ್ಲ. "0.1 ಪರ್ಸೆಂಟ್" ಅಂದರೆ "ನನಗೇ ಆದ್ರೆ ನೂರಕ್ಕೆ ನೂರು ತಾನೇ" ಅಂತ ತಿರುಗಿ ಕೇಳುತ್ತಾರೆ, ತಪ್ಪೂ ಅಲ್ಲ. ಈಗ ಹೇಳುವುದು ಹೀಗೆ: ಅನುಭವ ಇರುವ ಸೆಂಟರ್‌ಗಳಲ್ಲಿ ಪ್ರಾಣಾಪಾಯ ಸುಮಾರು ಸಾವಿರಕ್ಕೆ ಒಬ್ಬರಿಗೆ, ಪಿತ್ತಕೋಶ ತೆಗೆಸುವ ಆಪರೇಷನ್ನಿನ ಆಸುಪಾಸು. ಪಿತ್ತಕೋಶ ತೆಗೆಸಿದ ಚಿಕ್ಕಮ್ಮನೋ ಭಾವನೋ ಎಲ್ಲರ ಮನೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಹೋಲಿಕೆಗೆ ಒಂದು ಮುಖ ಸಿಕ್ಕಿದರೆ ಸಂಖ್ಯೆ ತಲೆಗೆ ಹೋಗುತ್ತದೆ.

ಈಗಿನ ಕ್ರಮಕ್ಕೆ ಬರುತ್ತೇನೆ. ಮೊದಲ ಭೇಟಿಯಲ್ಲಿ ಮನೆಯವರನ್ನು ಹೊರಗೆ ಕೂರಿಸಿ ರೋಗಿಗೆ ಹತ್ತು ಖಾಲಿ ಚೀಟಿ ಕೊಡುತ್ತೇವೆ. ಒಂದು ಚೀಟಿಗೆ ಒಂದೇ ಭಯ, ಹದಿನೈದು ನಿಮಿಷ. ಬರೆಯಲು ಬಾರದವರು ಹೇಳಿದ್ದನ್ನು ಹೇಳಿದ ಹಾಗೇ ನಾವು ಬರೆದುಕೊಳ್ಳುತ್ತೇವೆ. "ಕಣ್ಣೇ ಬಿಡದಿದ್ರೆ", "ಹೊಲಿಗೆ ಬಿಚ್ಕೊಂಡ್ರೆ", "ಕೂದ್ಲು ಉದುರುತ್ತಂತೆ", "ಮದುವೆ ಮನೇಲಿ ಎಲೆ ಮುಂದೆ ಕೂತು ಏನ್ ಮಾಡ್ಲಿ", "ಅತ್ತೆಗೆ ಇನ್ನೂ ಹೇಳಿಲ್ಲ". ಬೈಪಾಸ್ ಅಂದವರಲ್ಲಿ ಹತ್ತಕ್ಕೆ ಒಬ್ಬಿಬ್ಬರಾದರೂ "ಬೈಪಾಸ್ ಹಾರ್ಟ್‌ಗಲ್ವಾ" ಅಂತ ಬರೆಯುತ್ತಾರೆ. ನಗಬೇಡಿ, ಆ ಚೀಟಿ ಬರದಿದ್ದರೆ ಮನೆಮಂದಿಯೆಲ್ಲ ಎದೆ ಕೊಯ್ಯುತ್ತಾರೆ ಅಂದುಕೊಂಡೇ ಅಡ್ಮಿಟ್ ಆಗಿರುತ್ತಾರೆ.

ಚೀಟಿಗಳನ್ನು ಅವರ ಎದುರಿಗೇ ಮೂರು ಡಬ್ಬಿಗೆ ಹಾಕುತ್ತೇವೆ. ಮೊದಲನೆಯದರಲ್ಲಿ ನಾವು ಏನಾದರೂ ಮಾಡಬಹುದಾದ ಭಯ. ಹೊಲಿಗೆ ಸೋರುವ ಭಯಕ್ಕೆ ಉತ್ತರ "ಸೋರಲ್ಲ" ಅಲ್ಲ. ಟೇಬಲ್ ಮೇಲೇ ನೀಲಿ ಬಣ್ಣ ಬಿಟ್ಟು ಪರೀಕ್ಷಿಸುತ್ತಾರೆ. ಮನೆಗೆ ಹೋದ ಮೇಲೆ ನಾಡಿ 120 ದಾಟಿದರೆ, ಜ್ವರ ಬಂದರೆ, ಹೊಟ್ಟೆ ಅಥವಾ ಎಡಭುಜದ ನೋವು ಹೆಚ್ಚುತ್ತಾ ಹೋದರೆ ರಾತ್ರಿ ಎಷ್ಟೊತ್ತಾದರೂ ಫೋನ್ ಮಾಡಬೇಕು. ನೋವಿಗಿಂತ ನಾಡಿಯನ್ನು ನಂಬಿ ಅನ್ನುತ್ತೇವೆ, ನಾಡಿ ಎಣಿಸುವುದನ್ನು ಅಲ್ಲೇ ಕಲಿಸುತ್ತೇವೆ. ಎರಡನೇ ಡಬ್ಬಿ ನಿಜವೇ ಆಗಿರುವ ಭಯದ್ದು. ಕೂದಲು ಮೂರನೇ ತಿಂಗಳಿಂದ ಆರನೇ ತಿಂಗಳವರೆಗೆ ಉದುರುತ್ತದೆ. ಪ್ರೋಟೀನ್, ಕಬ್ಬಿಣ ಸರಿ ಇದ್ದರೆ ಬಹುತೇಕರಿಗೆ ಮತ್ತೆ ಬರುತ್ತದೆ. ಚರ್ಮ ಜೋಲುತ್ತದೆ. ವಿಟಮಿನ್ ಮಾತ್ರೆ ಜೀವನಪೂರ್ತಿ. ಇಲ್ಲಿ ಸಮಾಧಾನ ಹೇಳಿದರೆ ಮೊದಲನೇ ಡಬ್ಬಿಯ ನಂಬಿಕೆಯೂ ಹೋಗುತ್ತದೆ. ಮೂರನೆಯದು ಮನೆಯ ಡಬ್ಬಿ. ಅತ್ತೆ, ಗಂಡ, "ಸೋಮಾರಿಗಳ ದಾರಿ" ಅನ್ನುವ ನೆಂಟರು. ಅದನ್ನು ಎರಡನೇ ಭೇಟಿಯಲ್ಲಿ, ರೋಗಿ ಒಪ್ಪಿದರೆ ಮಾತ್ರ, ಮನೆಯವರ ಎದುರು ತೆರೆಯುತ್ತೇವೆ.

ನಾಲ್ಕನೇ ಡಬ್ಬಿಯೂ ಒಂದು ಬೇಕೆಂದು ತಡವಾಗಿ ಗೊತ್ತಾಯಿತು. ಕೆಲವರ ಭಯ ಆಪರೇಷನ್ನಿನದೇ ಅಲ್ಲ, ಮೊದಲಿಂದಲೂ ಇದ್ದ ಕಾಯಿಲೆ. ಎಲ್ಲರಿಗೂ ಆತಂಕ, ಖಿನ್ನತೆ ಅಳೆಯುವ ಪ್ರಶ್ನಾವಳಿಗಳಾದ ಜಿಎಡಿ-7, ಪಿಎಚ್‌ಕ್ಯೂ-9 ಎರಡನ್ನೂ ತುಂಬಿಸುತ್ತೇವೆ. ಜಿಎಡಿ 15 ಮುಟ್ಟಿದರೆ, ಅಥವಾ ಪಿಎಚ್‌ಕ್ಯೂ ಒಂಬತ್ತನೇ ಪ್ರಶ್ನೆಗೆ (ಸಾಯುವ ಯೋಚನೆ ಬರುತ್ತದೆಯೇ ಅನ್ನುವುದು) ಸೊನ್ನೆ ಬಿಟ್ಟು ಬೇರೇನು ಬಂದರೂ, ದಿನಾಂಕ ಕೊಡುವುದಿಲ್ಲ, ಮೊದಲು ಸೈಕಿಯಾಟ್ರಿಸ್ಟ್. ದುಃಖಕ್ಕೆ ತಿನ್ನುವವರು, ರಾತ್ರಿ ಕದ್ದು ತಿನ್ನುವವರು, ಕುಡಿಯುವವರು ಕೂಡ ಅದೇ ದಾರಿ. ಬೈಪಾಸ್ ಆದ ಮೇಲೆ ಮದ್ಯ ಬೇಗ ಏರುತ್ತದೆ, ಚಟವಾಗುವ ಅಪಾಯವೂ ಹೆಚ್ಚು.

ಇನ್ನು ಒಳಲೆ. ಆಪರೇಷನ್ ಆದ ಮೇಲೆ 15 ನಿಮಿಷಕ್ಕೆ 30 ಮಿ.ಲೀ. ಕುಡಿಯಬೇಕು ಅಂತ ಎಲ್ಲರೂ ಹೇಳುತ್ತೇವೆ. ಎಲ್ಲರೂ ತಲೆಯಾಡಿಸುತ್ತಾರೆ, ಯಾರಿಗೂ ಅದು ಏನೆಂದು ಗೊತ್ತಿರುವುದಿಲ್ಲ. ಆದ್ದರಿಂದ ಮುಂಚೆಯೇ ಮೂರು ದಿನ ಮನೆಯಲ್ಲಿ ಮಾಡಿಸುತ್ತೇವೆ. ಮೊದಲು ಪ್ಲಾಸ್ಟಿಕ್ ಅಳತೆ ಕಪ್ ಕೊಟ್ಟೆವು, ಎರಡನೇ ದಿನಕ್ಕೆ ಕಳೆದುಹೋಗುತ್ತಿತ್ತು, ಇಲ್ಲವೇ ಒಂದೇ ಗುಟುಕಿಗೆ ಎತ್ತಿಬಿಡುತ್ತಿದ್ದರು. ಮಕ್ಕಳಿಗೆ ಹಾಲು ಕುಡಿಸುವ ಸ್ಟೀಲ್ ಒಳಲೆ ಮೂತಿಯಿಂದ ಸಣ್ಣಗೆ ಸುರಿಯುವುದರಿಂದ ಗುಟುಕು ತಾನಾಗಿ ಚಿಕ್ಕದಾಗುತ್ತದೆ. ಗಂಟೆಗೆ ನಾಲ್ಕು ಒಳಲೆ, ಹದಿನಾಲ್ಕು ಗಂಟೆಗೆ ಹೆಚ್ಚುಕಡಿಮೆ 1,700 ಮಿ.ಲೀ. ಮೊಬೈಲಲ್ಲಿ ಅಲಾರಂ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಸಿಟ್ಟು ಬರುತ್ತದೆ. ಆ ಸಿಟ್ಟು ನಮಗೆ ಬೇಕಾದದ್ದು, ಯಾಕೆಂದರೆ ಹೊಟ್ಟೆಯಲ್ಲಿ ಹೊಲಿಗೆ ಇಲ್ಲದಿರುವಾಗಲೇ ಅದು ಬಂದು ಹೋಗಲಿ. ಮೂರು ದಿನ ಮುಗಿಸಿದವರ ಮುಖದಲ್ಲಿ "ಇಷ್ಟೇನಾ" ಅನ್ನುವ ಭಾವ ಇರುತ್ತದೆ. ಯಾವ ಕೌನ್ಸೆಲಿಂಗೂ ಅದನ್ನು ತಂದದ್ದು ನಾನು ನೋಡಿಲ್ಲ.

ಈ ಮೂರು ದಿನ ಆಪರೇಷನ್ನಿಗೆ ಮುಂಚೆ ಲಿವರ್ ಕುಗ್ಗಿಸಲು ಮಾಡಿಸುವ ಎರಡು ವಾರದ ಲಿವರ್ ಡಯಟ್ಟಿನ ಒಳಗೇ ಬರುತ್ತವೆ. ನಮ್ಮ ಅಳತೆ ದಿನಕ್ಕೆ 800 ಕ್ಯಾಲೊರಿ ಆಸುಪಾಸು. ವೇ ಪ್ರೋಟೀನ್ ಮೂರು ಸ್ಕೂಪ್, ಕೆನೆ ತೆಗೆದ ಹಾಲು 400 ಮಿ.ಲೀ., ಉಪ್ಪು ಹಾಕಿದ ನೀರು ಮಜ್ಜಿಗೆ ಎರಡು ಲೋಟ, ಹೆಸರುಬೇಳೆ ಕಟ್ಟಿನ ಸಾರು, ಒಳಲೆ ದಿನಗಳನ್ನು ಬಿಟ್ಟು ಉಳಿದಂತೆ ಒಂದು ಬಟ್ಟಲು ಬೇಯಿಸಿದ ಸೊಪ್ಪು ತರಕಾರಿ. ಕೆಡುವುದು ಎಲ್ಲಿ ಅಂದರೆ "ದ್ರವ" ಅನ್ನುವ ಪದದಲ್ಲಿ. ರಾಗಿ ಅಂಬಲಿ ದ್ರವವೇ, ಎಳನೀರು ದ್ರವವೇ, ಕಬ್ಬಿನ ಹಾಲೂ ದ್ರವವೇ. ಅದನ್ನೇ ಹೊಟ್ಟೆ ತುಂಬ ಕುಡಿದುಕೊಂಡು ಬಂದರೆ ಲಿವರ್ ಕುಗ್ಗುವುದಿಲ್ಲ, ಹೊಟ್ಟೆಯ ಮೇಲೆ ಕೂತ ಅದರ ಎಡಹಾಲೆ (ಎಡಭಾಗ) ಎತ್ತುವುದಕ್ಕೇ ಸರ್ಜನ್ ಒದ್ದಾಡಬೇಕು. ವೇ ಪುಡಿಯನ್ನು ಕುದಿಯುವ ಹಾಲಿಗೆ ಹಾಕಿ ಗಂಟು ಮಾಡಿ, "ಮೊಸರು ಒಡೆದ ಹಾಗಿದೆ" ಅಂತ ಬಿಟ್ಟುಬಿಡುವವರು ಅರ್ಧ ಜನ. ತಣ್ಣನೆಯದರಲ್ಲಿ ಕದಡಿ ಆಮೇಲೆ ಉಗುರು ಬೆಚ್ಚಗೆ ಮಾಡಬೇಕು. ತಲೆ ಸುತ್ತು ಬಂದರೆ ಬಹುತೇಕ ಉಪ್ಪು, ನೀರು ಸಾಲದೆ.

ಸಕ್ಕರೆ ಕಾಯಿಲೆಯವರನ್ನು ಮಾತ್ರೆ ಬದಲಿಸದೆ ಈ ಡಯಟ್ಟಿಗೆ ಹಾಕಬೇಡಿ. ಗ್ಲಿಮೆಪಿರೈಡ್, ಇನ್ಸುಲಿನ್ ಇದ್ದವರಿಗೆ ಎರಡನೇ ದಿನವೇ ಸಕ್ಕರೆ ಇಳಿಯುತ್ತದೆ. ಬೆವರು, ಎದೆ ಡವಡವ, ಕೈ ನಡುಕ. ಅದನ್ನು "ಆಪರೇಷನ್ ಟೆನ್ಶನ್" ಅಂತ ಮನೆಯವರೂ ನಾವೂ ಅಂದುಕೊಂಡ ಸಂದರ್ಭಗಳಿವೆ. ಭಯ ಅಂದವರಿಗೆ ಮೊದಲು ಗ್ಲೂಕೋಮೀಟರ್ ಚುಚ್ಚಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯ ಸಕ್ಕರೆ ಮಾತ್ರೆಗಳನ್ನು ಆಪರೇಷನ್ನಿಗೆ ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸಲೇಬೇಕು. ನಮ್ಮ ಫಿಸಿಷಿಯನ್ ಡಯಟ್ ಶುರುವಾಗುವ ದಿನವೇ ನಿಲ್ಲಿಸುತ್ತಾರೆ, ಸಕ್ಕರೆ ಸರಿಯಿದ್ದೂ ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ಏರುತ್ತದೆ ಅಂತ.

ದುಡ್ಡಿನ ಭಯವನ್ನು ಯಾರೂ ಚೀಟಿಯಲ್ಲಿ ಬರೆಯುವುದಿಲ್ಲ. ನಾವೇ ಎತ್ತುತ್ತೇವೆ. ಪ್ಯಾಕೇಜ್ ದರ ಅವರಿಗೆ ಗೊತ್ತಿರುತ್ತದೆ, ಆಮೇಲಿನದ್ದು ಗೊತ್ತಿರುವುದಿಲ್ಲ. ಮೊದಲ ಮೂರು ತಿಂಗಳು ದಿನಕ್ಕೆ ಎರಡು ಸ್ಕೂಪ್ ಅಂದರೆ ತಿಂಗಳಿಗೆ ಎರಡು ಕೆ.ಜಿ. ವೇ, ಐದೂವರೆ ಸಾವಿರ. ಆಮೇಲೆ ಒಂದು ಕೆ.ಜಿ. ಮಾತ್ರೆಗಳು ತಿಂಗಳಿಗೆ ಸಾವಿರ. ಮೂರು, ಆರು, ಹನ್ನೆರಡನೇ ತಿಂಗಳ ರಕ್ತಪರೀಕ್ಷೆ ತಲಾ ನಾಲ್ಕು ಸಾವಿರ. ಹೆಚ್ಚುಕಡಿಮೆ ಮೊದಲ ವರ್ಷ 65 ಸಾವಿರ ಹೊರಗಿನ ಖರ್ಚು. ಇದನ್ನು ಮೊದಲೇ ಹೇಳಿದ ಮೇಲೆ "ಮೋಸ ಮಾಡಿದ್ರು" ಅನ್ನುವ ಫೋನ್ ನಿಂತುಹೋಯಿತು. ದುಡ್ಡು ಉಳಿಸಲು ಮಾತ್ರೆ ಬಿಟ್ಟು ಬಿ-12 ತಳ ಕಂಡವರ ಸಂಖ್ಯೆಯೂ ಇಳಿಯಿತು.

ಇನ್ಶೂರೆನ್ಸ್‌ನಲ್ಲಿ ನಾವು ಮಾಡಿದ ದೊಡ್ಡ ತಪ್ಪು ಇದು, ನೀವು ಮಾಡಬೇಡಿ. ಐಆರ್‌ಡಿಎಐ (ವಿಮಾ ನಿಯಂತ್ರಣ ಪ್ರಾಧಿಕಾರ) 2019ರಲ್ಲಿ ತಂದ ಷರತ್ತಿನ ಪ್ರಕಾರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 40, ಅಥವಾ 35ರ ಜೊತೆಗೆ ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು), ಹತೋಟಿಗೆ ಬಾರದ ಟೈಪ್-2 ಸಕ್ಕರೆ ಕಾಯಿಲೆ, ಹೃದ್ರೋಗದಂಥವು ಇರಬೇಕು. 162 ಸೆಂ.ಮೀ. ಎತ್ತರ, 106 ಕೆ.ಜಿ. ಅಂದರೆ ಬಿಎಂಐ 40.4. ಎರಡು ವಾರ ಡಯಟ್ ಮಾಡಿಸಿ ಅಡ್ಮಿಷನ್ ದಿನ ತೂಗಿದರೆ 101 ಕೆ.ಜಿ., ಬಿಎಂಐ 38.5. ಫೈಲ್ ವಾಪಸ್! ಚಪ್ಪಲಿ ಹಾಕಿಸಿಯೇ ಎತ್ತರ ಅಳೆದರೂ ಅಷ್ಟೇ, 164 ಆದರೆ 39.4. ಡಯಟ್ ಶುರುವಾಗುವ ಮುಂಚೆ, ಬರಿಗಾಲಲ್ಲಿ ಅಳೆದು, ಡಾಕ್ಟರ ಸಹಿ ದಿನಾಂಕ ಹಾಕಿಸಿ, ಪ್ರೀ-ಆಥ್ (ವಿಮೆಯವರ ಮುಂಗಡ ಒಪ್ಪಿಗೆಯ ಅರ್ಜಿ) ಆಗಲೇ ಕಳಿಸಿ. ಕ್ಲೇಮು ಸಿಗುತ್ತೋ ಇಲ್ಲವೋ ಅನ್ನುವ ಅನುಮಾನದಲ್ಲಿ ಅಡ್ಮಿಟ್ ಆದವರಿಗೆ ಯಾವ ಧೈರ್ಯವೂ ಹತ್ತುವುದಿಲ್ಲ.

ಒಂದು ವಾರ ಮುಂಚೆ ವಾರ್ಡ್ ಸುತ್ತಿಸುತ್ತೇವೆ. ರಕ್ತ ಹೆಪ್ಪುಗಟ್ಟದಂತೆ ಕಾಲಿಗೆ ಕಟ್ಟುವ ಪಂಪಿನ ಸದ್ದು ಕೇಳಿಸಿ, ಇಲ್ಲದಿದ್ದರೆ ರಾತ್ರಿ ಎರಡಕ್ಕೆ ಅದು ಬುಸ್ ಅಂದಾಗ ಎದ್ದು ಕೂರುತ್ತಾರೆ. ಉಸಿರಾಟದ ವ್ಯಾಯಾಮಕ್ಕೆ ಮೂರು ಚೆಂಡಿನ ಸ್ಪೈರೋಮೀಟರ್ ಮನೆಗೇ ಕೊಟ್ಟು ಕಳಿಸಿ. ಆಪ್ನಿಯಾದವರು ಮಲಗುವಾಗ ಹಾಕುವ, ಗಾಳಿ ಊದುವ ಸಿಪ್ಯಾಪ್ ಮಾಸ್ಕ್ ಉಸಿರುಗಟ್ಟಿಸುತ್ತದೆ ಅನ್ನುವವರು ಮೊದಲು ಮೆಷಿನ್ ಹಾಕದೆ ಬರೀ ಮಾಸ್ಕ್ ಹಿಡಿದು ಟಿವಿ ನೋಡಲಿ, ಹತ್ತು ಹತ್ತು ನಿಮಿಷ. ಎಲ್ಲಕ್ಕಿಂತ ಮುಖ್ಯ ಭುಜದ ನೋವು. ಹೊಟ್ಟೆಗೆ ತುಂಬಿದ ಗ್ಯಾಸ್ ಎದೆ, ಹೊಟ್ಟೆ ನಡುವಿನ ವಪೆಯನ್ನು ಕೆರಳಿಸಿ ಮೊದಲೆರಡು ದಿನ ಭುಜ ನೋಯುತ್ತದೆ, ನಡೆದಾಡಿದರೆ ಇಳಿಯುತ್ತದೆ. ಮುಂಚೆ ಹೇಳದಿದ್ದರೆ ಅದೇ ಹಾರ್ಟ್ ಅಟ್ಯಾಕ್ ಆಗಿಬಿಡುತ್ತದೆ. ದಿನ ಕಳೆದ ಹಾಗೆ ಹೆಚ್ಚಾದರೆ, ನಾಡಿಯೂ ಏರಿದರೆ, ಅದು ಗ್ಯಾಸ್ ಅಲ್ಲ ಅನ್ನುವುದನ್ನೂ ಸೇರಿಸಿ ಹೇಳಿ.

ನಡುವೆ ಕೆಲವು ಚಿಲ್ಲರೆ ಪ್ರಯೋಗ. ಭ್ರಾಮರಿ ಪ್ರಾಣಾಯಾಮ ಕೆಲವರಿಗೆ ಹಿಡಿಸಿತು, ಕೆಲವರಿಗೆ ನಗು ಬಂತು. ಓಟಿಯಲ್ಲಿ ಹಾಡು ಹಾಕಿದ್ದು ಸ್ಟಾಫಿಗೆ ಖುಷಿ ಕೊಟ್ಟಿತು. ಹಿಂದಿನ ರಾತ್ರಿ ನಿದ್ದೆಮಾತ್ರೆ ಕೇಳುವವರಿಗೆ ನಾವು ಏನೂ ಹೇಳುವುದಿಲ್ಲ, ಆಪ್ನಿಯಾ ಇರುವ ಮೈಗೆ ಅದು ಅರಿವಳಿಕೆ ವೈದ್ಯರ ತೀರ್ಮಾನ. ದಿನಾಂಕದ ವಿಚಾರದಲ್ಲಿ ಮಾತ್ರ ವಾದ ಬಿಟ್ಟುಬಿಟ್ಟೆವು. ಅಮಾವಾಸ್ಯೆ, ಮಂಗಳವಾರ ಬೇಡವೆಂದರೆ ಬೇಡ. ನಮ್ಮ ಕಡೆಯಿಂದ ನೋಡುವುದು ಬೇರೆ ಪಂಚಾಂಗ: ಡಯಟ್ಟಿನ ಎರಡು ವಾರದೊಳಗೆ ಗೌರಿ-ಗಣೇಶ ಬಿದ್ದರೆ ಕಡುಬಿನ ಎದುರು ಯಾರ ಸಂಕಲ್ಪವೂ ನಿಲ್ಲುವುದಿಲ್ಲ, ಮುಂದಕ್ಕೆ ಹಾಕಿ.

2025ರಲ್ಲಿ ತೂಕ ಇಳಿಸುವ ಇಂಜೆಕ್ಷನ್ನುಗಳಾದ ಮೌಂಜಾರೊ, ವೆಗೋವಿ ಇಲ್ಲಿನ ಅಂಗಡಿಗೆ ಬಂದ ಮೇಲೆ "ಇಂಜೆಕ್ಷನ್ ಇದ್ಯಲ್ಲ" ಅನ್ನುವ ಚೀಟಿ ಹೆಚ್ಚಾಗಿದೆ. ಅದನ್ನು ಹೀಗಳೆಯಬೇಡಿ. ಮನಸ್ಸು ಎರಡು ಕಡೆ ಇರುವವರು ಫಿಸಿಷಿಯನ್ ಹತ್ತಿರ ಹೋಗಿ ಅದನ್ನೇ ಮೊದಲು ನೋಡಲಿ, ನಿಲ್ಲಿಸಿದರೆ ತೂಕದ ಬಹುಪಾಲು ತಿರುಗಿ ಬರುತ್ತದೆ ಅನ್ನುವುದು ಮಾತ್ರ ಗೊತ್ತಿರಲಿ. ತೆಗೆದುಕೊಳ್ಳುತ್ತಿರುವವರ ಕೊನೆಯ ಡೋಸ್ ಯಾವತ್ತೆಂದು ಅರಿವಳಿಕೆ ವೈದ್ಯರಿಗೆ ಬರೆದು ತಿಳಿಸಿ, ಹೊಟ್ಟೆ ಖಾಲಿಯಾಗುವುದು ತಡ.

ಐದು ದಿನ ಮುಂಚೆ ಕೊನೆಯ ಭೇಟಿ. ಒಬ್ಬರೇ, ಬಾಗಿಲು ಹಾಕಿ. ಬೇಡ ಅನ್ನಿಸಿದರೆ ಅಡ್ವಾನ್ಸ್ ಪೂರ್ತಿ ವಾಪಸ್, ಕಾರಣ ನಾವು ಕೇಳುವುದಿಲ್ಲ, ಮನೆಯವರಿಗೆ "ಟೆಸ್ಟಿನಲ್ಲಿ ಸ್ವಲ್ಪ ಕಾಯಬೇಕು ಅಂತ ಬಂತು" ಅನ್ನುವ ಸುಳ್ಳನ್ನೂ ನಾವು ಹೇಳುವುದಿಲ್ಲ, "ಇನ್ನೂ ಸಮಯ ಬೇಕಂತೆ" ಅಂತಷ್ಟೇ. ಇದಕ್ಕೆ ಆಡಳಿತದವರನ್ನು ಒಪ್ಪಿಸಲು ಎಂಟು ತಿಂಗಳು ಹಿಡಿಯಿತು. ಹತ್ತರಲ್ಲಿ ಒಬ್ಬರು ಬೇಡ ಅನ್ನುತ್ತಾರೆ, ಅವರಲ್ಲಿ ಅರ್ಧದಷ್ಟು ಜನ ವರ್ಷದೊಳಗೆ ತಾವಾಗಿ ಬರುತ್ತಾರೆ. ಹಿಂದಿನ ರಾತ್ರಿ ತಪ್ಪಿಸಿಕೊಂಡವರು ಈಚೆಗೆ ಒಬ್ಬರೋ ಇಬ್ಬರೋ. ಆ ಭೇಟಿಯಲ್ಲಿ ನಾನು ಕೇಳುವ ಒಂದು ಪ್ರಶ್ನೆ ಇದೆ, ನಿಜವಾದ ಒಪ್ಪಿಗೆ ಯಾವುದು, ಮನೆಯವರ ಒತ್ತಾಯ ಯಾವುದು ಅಂತ ಅದರಲ್ಲೇ ತಿಳಿದುಬಿಡುತ್ತದೆ. ಅದನ್ನು ಇಲ್ಲಿ ಬರೆಯಲಾರೆ. ಬರೆದರೆ ಮುಂದಿನ ವಾರವೇ ಉತ್ತರ ಬಾಯಿಪಾಠ ಮಾಡಿಕೊಂಡು ಬರುತ್ತಾರೆ.

ಒಳಲೆ ಕೊಳ್ಳುವವರಿಗೆ ಒಂದು ಮಾತು. ಪಾತ್ರೆ ಅಂಗಡಿಯಲ್ಲಿ 15ರಿಂದ 40 ಮಿ.ಲೀ. ತನಕ ಬೇರೆ ಬೇರೆ ಅಳತೆಯವು ಒಂದೇ ಬುಟ್ಟಿಯಲ್ಲಿರುತ್ತವೆ. ಸಿರಿಂಜಿನಲ್ಲಿ 30 ಮಿ.ಲೀ. ನೀರು ಹಾಕಿ ನೋಡಿ, ಒಳಗೆ ಗೆರೆ ಕೊರೆಸಿ. ಅಂಚು ಒಳಕ್ಕೆ ಮಡಿಚಿರುವುದು ಬೇಡ, ಆ ಸಂದಿಯಲ್ಲಿ ವೇ ಪುಡಿ ಕೂತು ಎರಡೇ ದಿನಕ್ಕೆ ನಾರುತ್ತದೆ, ಆಮೇಲೆ ಪ್ರೋಟೀನೇ ಸೇರುವುದಿಲ್ಲ ಅನ್ನುತ್ತಾರೆ.